ನಾಯಿಗೆ ‘ಕೂಗು’ ಕಲಿಸುವುದು: ಮಾತು ಮೊದಲು, ಬೆಲ್ ಆಮೇಲೆ

ನಾಯಿಯ ಮುಖಕ್ಕೆ ಮುಖವಿಟ್ಟು ‘ಬೊಗಳು, ಬೊಗಳು’ ಎಂದು ಮನೆಮಂದಿಯೆಲ್ಲ ಕೂಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾಯಿ ಕಿವಿ ಹಿಂದಕ್ಕೊತ್ತಿ ಮುಖ ತಿರುಗಿಸುತ್ತದೆ. ‘ಇದು ದಡ್ಡ’ ಎಂದು ಬಿಟ್ಟುಬಿಡುತ್ತಾರೆ. ಪಾಪ, ಆ ಪದದ ಅರ್ಥವನ್ನು ಅದಕ್ಕೆ ಯಾರೂ ಕಲಿಸಿಯೇ ಇಲ್ಲ. ಕಲಿಸುವುದು ಹೀಗೆ.

ಹಂತ 1: ನಿಮ್ಮ ನಾಯಿ ಯಾವುದಕ್ಕೆ ತಪ್ಪದೆ ಬೊಗಳುತ್ತದೆ ಎಂದು ಗಮನಿಸಿ. ಹೆಚ್ಚಿನವಕ್ಕೆ ಕಾಲಿಂಗ್ ಬೆಲ್ ಸಾಕು. ಕೆಲವಕ್ಕೆ ಚೆಂಡನ್ನು ಎತ್ತಿ ಹಿಡಿದು ಕೊಡದೆ ಸತಾಯಿಸಬೇಕು. ಹೆದರಿ ಬೊಗಳುವ ಸಂದರ್ಭವನ್ನು ಮಾತ್ರ ಬಳಸಲೇಬೇಡಿ. ಬಾಲ ಒಳಗೆಳೆದುಕೊಂಡು ಬೊಗಳುವ ನಾಯಿ ಕಲಿಯುವುದು ಭಯವನ್ನೇ.

ಹಂತ 2: ಬಟಾಣಿ ಕಾಳಿನಷ್ಟು ಚಿಕ್ಕ ತಿನಿಸಿನ ತುಣುಕುಗಳನ್ನು ಜೇಬಿಗೆ ಹಾಕಿಕೊಳ್ಳಿ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಸೇರಿದ ಯಾವುದೂ ಬೇಡ, ನಾಯಿಗೆ ಅವು ವಿಷ.

ಆಜ್ಞೆಗೆ ‘ಕೂಗು’ ಎಂಬ ಪದವೇ ಒಳ್ಳೆಯದು. ‘ಬೊಗಳು’ ನಮ್ಮ ಬಾಯಲ್ಲಿ ಬೈಗುಳ. ಹೇಳುವಾಗ ದನಿಯೇ ಗಡುಸಾಗುತ್ತದೆ. ‘ಮಾತಾಡು’ ಎಂಬುದು ದಿನಕ್ಕೆ ಹತ್ತು ಸಲ ಮನೆಯವರ ಮಾತಿನಲ್ಲೇ ಬಂದು ನಾಯಿಯನ್ನು ಗೊಂದಲಕ್ಕೆ ಕೆಡವುತ್ತದೆ. ಪದದ ಜೊತೆಗೆ ಒಂದು ಕೈಸನ್ನೆಯೂ ಇರಲಿ. ನಾಯಿಗಳು ಮಾತಿಗಿಂತ ಸನ್ನೆಯನ್ನು ಬೇಗ ಹಿಡಿಯುತ್ತವೆ.

ಹಂತ 3: ಎಲ್ಲರೂ ಎಡವುವುದು ಇಲ್ಲಿ. ಬೆಲ್ ಬಾರಿಸುತ್ತಾರೆ, ನಾಯಿ ಬೊಗಳುತ್ತದೆ, ಆಮೇಲೆ ‘ಕೂಗು, ಕೂಗು’ ಎನ್ನುತ್ತಾರೆ. ಬೊಗಳುತ್ತಿರುವ ನಾಯಿಗೆ ಆಗ ಹೇಳಿದ ಪದ ಬರಿಯ ಗದ್ದಲ. ಕ್ರಮ ತಿರುಗಬೇಕು. ಮೊದಲು ‘ಕೂಗು’ ಎಂದು ಒಂದೇ ಸಲ, ಮಾಮೂಲಿ ದನಿಯಲ್ಲಿ ಹೇಳಿ. ಒಂದು ಸೆಕೆಂಡು ಬಿಡಿ. ಆಮೇಲೆ ಬಾಗಿಲಾಚೆ ನಿಂತವರು ಬೆಲ್ ಒತ್ತಲಿ. ಮೊದಲ ಬೊಗಳಿಗೇ ‘ಭೇಷ್’ ಎಂದು, ತಕ್ಷಣ ತಿನಿಸು ಕೊಡಿ. ತಡಮಾಡಿದರೆ ಅಷ್ಟರಲ್ಲಿ ನಾಯಿ ಕೂತಿರುತ್ತದೆ, ತಿನಿಸು ಬಂದದ್ದು ಕೂತದ್ದಕ್ಕೆ ಎಂದುಕೊಳ್ಳುತ್ತದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ಅವರ ನಾಯಿಗಳೂ ಸದ್ದು ಕೇಳಿ ಜೊಲ್ಲು ಸುರಿಸಲು ಕಲಿತದ್ದು, ಸದ್ದು ಮೊದಲು ಬಂದು ಆಹಾರ ಆಮೇಲೆ ಬರುತ್ತಿದ್ದುದರಿಂದ.

ಹತ್ತು ಹನ್ನೆರಡು ಸಲವಾದ ಮೇಲೆ ಪದಕ್ಕೂ ಬೆಲ್ಲಿಗೂ ನಡುವಿನ ಬಿಡುವನ್ನು ಎರಡು, ಮೂರು, ನಾಲ್ಕು ಸೆಕೆಂಡಿಗೆ ಹಿಗ್ಗಿಸಿ. ಒಂದು ಗಳಿಗೆಯಲ್ಲಿ ನಾಯಿ ಬೆಲ್ಲಿಗೆ ಕಾಯದೆ, ಬಾಗಿಲನ್ನೂ ನಿಮ್ಮನ್ನೂ ನೋಡುತ್ತ ‘ವುಫ್’ ಎನ್ನುತ್ತದೆ. ಅರೆಬರೆ ಸದ್ದಾದರೂ ಸರಿ, ಎರಡು ಮೂರು ತುಣುಕು ಒಟ್ಟಿಗೆ ಕೊಡಿ. ಅದು ಬಾರದಿದ್ದರೆ ‘ಕೂಗು’ ಎಂದು ಮತ್ತೆ ಮತ್ತೆ ಹೇಳಬೇಡಿ. ಬಿಡುವನ್ನು ತಗ್ಗಿಸಿ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಒಂದು ಸಲಕ್ಕೆ ಐದು ನಿಮಿಷ ಮೀರಿಸಬೇಡಿ.

ಮೊಬೈಲಿನಲ್ಲಿ ಬೇರೆ ನಾಯಿಗಳ ಬೊಗಳು ಕೇಳಿಸುವ ಅಡ್ಡದಾರಿಯನ್ನು ಹಲವರು ಹಿಡಿಯುತ್ತಾರೆ. ನಾಯಿ ರೇಗುತ್ತದೆಯೇ ಹೊರತು ನಿಮ್ಮ ಕಡೆ ನೋಡುವುದಿಲ್ಲ. ಕ್ಲಿಕ್ಕರ್ (ನಾಯಿ ಸರಿಯಾಗಿ ಮಾಡಿದ ಗಳಿಗೆಗೆ ಒತ್ತಿ ‘ಕ್ಲಿಕ್’ ಎನಿಸುವ ಪುಟ್ಟ ಸಾಧನ) ಇದ್ದರೆ ಬಳಸಿ, ಅದಕ್ಕೆಂದೇ ಕೊಳ್ಳಬೇಕಿಲ್ಲ.

ಹಂತ 4: ಇನ್ನು ಬೆಲ್ ಬೇಡ, ‘ಕೂಗು’ ಎಂದಷ್ಟೇ ಹೇಳಿ. ಹೇಳದೆ ಬೊಗಳಿದ್ದಕ್ಕೆ ಇನ್ನು ಮುಂದೆ ತಿನಿಸು ಇಲ್ಲ. ಇದರಲ್ಲಿ ಸಡಿಲ ಬಿಟ್ಟರೆ ನಿಮ್ಮ ಊಟದ ಹೊತ್ತಿಗೆ ಎದುರು ಕೂತು ಬೊಗಳುವ ನಾಯಿ ತಯಾರಾಗುತ್ತದೆ.

ಹಂತ 5: ‘ಸಾಕು’ ಕಲಿಸಿ. ಬೊಗಳುವಾಗ ತಿನಿಸನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂಸಲು ಬಾಯಿ ಮುಚ್ಚುತ್ತದೆ. ಎರಡು ಸೆಕೆಂಡು ಸುಮ್ಮನಿದ್ದರೆ ಕೊಡಿ. ಇದು ರೂಢಿಯಾದ ಮೇಲೆ ‘ಸಾಕು’ ಎಂದು ಮೊದಲು ಹೇಳಿ, ತಿನಿಸನ್ನು ಆಮೇಲೆ ತೋರಿಸಿ. ಮೌನವನ್ನು ಕ್ರಮೇಣ ಹತ್ತು ಸೆಕೆಂಡಿಗೆ ಏರಿಸಿ. ಬೊಗಳಿದರೆ ಶಾಕ್ ಕೊಡುವ ಕೊರಳಪಟ್ಟಿಯನ್ನು ಮಾತ್ರ ಮನೆಗೆ ತರಬೇಡಿ. ಬೊಗಳಿದಾಗ ಬಹುಮಾನ ಕೊಡುವ ಕೈಯೇ ನೋವನ್ನೂ ಕೊಟ್ಟರೆ ನಾಯಿ ಯಾವುದನ್ನು ನಂಬಬೇಕು?

ಹಜಾರದಲ್ಲಿ ಕಲಿತದ್ದು ಅಂಗಳದಲ್ಲಿ ಬಾರದಿದ್ದರೆ ಗಾಬರಿ ಬೇಡ. ಜಾಗ ಬದಲಾದರೆ ನಾಯಿಗೆ ಅದು ಹೊಸ ಪಾಠ. ಅಲ್ಲಿ ಬೆಲ್ ಇಲ್ಲ ಅಲ್ಲವೇ, ಚೆಂಡನ್ನು ಕೈಗೆತ್ತಿಕೊಂಡು ಮೂರನೇ ಹಂತದಿಂದ ಶುರು ಮಾಡಿ. ಈ ಸಲ ಬೇಗ ಬರುತ್ತದೆ.