ಗಾಲ್ ಬ್ಲಾಡರ್ ಆಪರೇಷನ್ ಆದ ರಾತ್ರಿ ನೋವು ಹೇಗೆ ತಡೆಯಬೇಕು?

ನಾನು ಸರ್ಜರಿ ವಾರ್ಡಿನ ನರ್ಸ್. ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಪಿತ್ತಕೋಶ ತೆಗೆಯುವ ಆಪರೇಷನ್) ಮಾಡಿಸಿಕೊಂಡು ವಾರ್ಡಿಗೆ ಬಂದವರಲ್ಲಿ ಸುಮಾರು ಜನ ಆರಾಮಾಗಿಯೇ ಇರುತ್ತಾರೆ. "ನೋವೇ ಇಲ್ಲ ಸಿಸ್ಟರ್, ಮಾತ್ರೆ ಯಾಕೆ ಸುಮ್ನೆ?" ಅಂತಾರೆ. ನೋವು ಇಲ್ಲದಿರೋದು ಆಪರೇಷನ್ ವೇಳೆ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ ಪ್ರಭಾವ. ಅದು ಇಳಿಯೋದು ಕೆಲವು ಗಂಟೆ ಬಿಟ್ಟು, ಹೆಚ್ಚಾಗಿ ಎಲ್ಲರೂ ಮಲಗಿದ ಮೇಲೆ.

ಹೊಟ್ಟೆಗೆ ಸಾಮಾನ್ಯವಾಗಿ ನಾಲ್ಕು ತೂತು ಹಾಕುತ್ತಾರೆ. ಹೊಕ್ಕುಳ ಹತ್ತಿರ ಒಂದು, ಎದೆಮೂಳೆಯ ಕೆಳಗೆ ಒಂದು, ಬಲಗಡೆ ಚಿಕ್ಕವು ಎರಡು. ಸರ್ಜನ್ ಅಲ್ಲಿಗೇ ಬ್ಯುಪಿವಕೇನ್ ಅಥವಾ ರೋಪಿವಕೇನ್ ಚುಚ್ಚಿ ಮರಗಟ್ಟಿಸುತ್ತಾರೆ. ಕೆಲವರು ಪಿತ್ತಕೋಶ ಇದ್ದ ಜಾಗಕ್ಕೂ ಸಿಂಪಡಿಸುತ್ತಾರೆ. ಕೆಲವು ಕಡೆ ಅನಸ್ತೇಷಿಯಾ ಡಾಕ್ಟರ್ ಅಲ್ಟ್ರಾಸೌಂಡ್ ನೋಡಿಕೊಂಡು ಹೊಟ್ಟೆಯ ಸ್ನಾಯುಗಳ ನಡುವೆ ಕೊಡುತ್ತಾರೆ, ಅದು ಟ್ಯಾಪ್ ಬ್ಲಾಕ್. ನಿಮಗೆ ಯಾವುದು ಅಂತ ಮೊದಲೇ ಕೇಳಿ. ಹಲ್ಲಿನ ಡಾಕ್ಟರ್ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ತೊಂದರೆ ಆಗಿದ್ದರೆ, ಹೃದಯದ ಬಡಿತಕ್ಕೋ ಲಿವರಿಗೋ ಔಷಧಿ ನಡೀತಿದ್ದರೆ ಹೇಳಿಬಿಡಿ. ತೂಕ ನೋಡಿಯೇ ಡೋಸ್ ಹಾಕೋದು. ಬ್ಯುಪಿವಕೇನ್ ಸಾಮಾನ್ಯವಾಗಿ ಕೆಜಿಗೆ 2 ಮಿಲಿಗ್ರಾಂ ದಾಟಿಸುವುದಿಲ್ಲ. ಎಚ್ಚರವಾದ ಮೇಲೆ ತುಟಿ ಸುತ್ತ ಜುಮ್ಮೆಂದರೆ, ಕಿವಿ ಗುಂಯ್ ಎಂದರೆ, ಬಾಯಲ್ಲಿ ಕಬ್ಬಿಣದ ರುಚಿ ಬಂದರೆ ತಕ್ಷಣ ನಮ್ಮನ್ನು ಕರೆಯಿರಿ.

ಮಾತ್ರೆ ವಿಷಯದಲ್ಲಿ ನನ್ನದು ಒಂದೇ ಹಟ. ಮರಗಟ್ಟಿದ್ದು ಬಿಡುವ ಮುಂಚೆಯೇ ಮೊದಲ ಡೋಸ್ ಹೊಟ್ಟೆಗೆ ಹೋಗಿರಬೇಕು. ಆಮೇಲೆ ನೋವು ಬಂತೋ ಇಲ್ಲವೋ ನೋಡದೆ, ಡಾಕ್ಟರ್ ಬರೆದ ಹೊತ್ತಿಗೆ ತಗೊಳ್ಳಿ. ನೋವು ಜೋರಾದ ಮೇಲೆ ಹಿಡಿಯೋದು ಕಷ್ಟ. ಮನೆಯಲ್ಲಿ ಡೋಲೊ (ಪ್ಯಾರಾಸಿಟಮಾಲ್ ಮಾತ್ರೆ) ಇದೆ ಅಂತ ಅದನ್ನೂ ಸೇರಿಸಬೇಡಿ. ಬರೆದುಕೊಟ್ಟ ಮಾತ್ರೆಯಲ್ಲೇ ಪ್ಯಾರಾಸಿಟಮಾಲ್ ಇರಬಹುದು, ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರು ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಬಗ್ಗೆ ಕೇಳಿಯೇ ತಗೊಳ್ಳಬೇಕು.

"ಕೊಯ್ದಿದ್ದು ಹೊಟ್ಟೆ, ನೋವು ಬಲಭುಜಕ್ಕೆ ಯಾಕೆ?" ಅಂತ ಗಾಬರಿಯಾಗುವವರು ಜಾಸ್ತಿ. ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಅದು ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆಯನ್ನು, ಅಂದರೆ ವಪೆಯನ್ನು ಕೆಣಕುತ್ತದೆ. ವಪೆಯ ನರವೂ ಭುಜದ ನರವೂ ಕುತ್ತಿಗೆಯಲ್ಲಿ ಒಂದೇ ಕಡೆಯಿಂದ ಹೊರಡುತ್ತವೆ, ಅದಕ್ಕೇ ಈ ಗೊಂದಲ. ತೂತಿಗೆ ಕೊಟ್ಟ ಇಂಜೆಕ್ಷನ್ ಇದಕ್ಕೆ ನಾಟುವುದಿಲ್ಲ. ವಾರ್ಡಿನಲ್ಲಿ ಮೆಲ್ಲಗೆ ಓಡಾಡಿ. ಎರಡು ಮೂರು ದಿನದಲ್ಲಿ ಸಾಮಾನ್ಯವಾಗಿ ಕಡಿಮೆ ಆಗುತ್ತದೆ.

ಹಾಸಿಗೆಯಿಂದ ನೇರವಾಗಿ ಎದ್ದರೆ ಹೊಕ್ಕುಳ ಹತ್ತಿರ ಚುಳ್ ಎನ್ನುತ್ತದೆ. ಮೊದಲು ಪಕ್ಕಕ್ಕೆ ಹೊರಳಿ. ಕಾಲು ಕೆಳಗೆ ಬಿಡಿ. ಮೊಣಕೈ ಊರಿ ಮೇಲೇಳಿ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿ.

ಮನೆಗೆ ಹೋದ ಮೇಲೆ ಹೊಟ್ಟೆನೋವು ಇಳಿಯದೆ ಏರುತ್ತಾ ಹೋದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಮಾತ್ರೆ ನುಂಗಿ ಕಾಯಬೇಡಿ, ಆಸ್ಪತ್ರೆಗೆ ಬನ್ನಿ. ಭುಜದ ನೋವಿನ ಜೊತೆ ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ಗ್ಯಾಸ್ ಅಂತ ಸುಮ್ಮನಿರಲೇಬೇಡಿ, 108ಕ್ಕೆ ಫೋನ್ ಮಾಡಿ.