ಎರಡನೆಯ ರಾತ್ರಿಗೆ ಬೇಕಾದ ಟೆಂಟು

ಬೇಟೆಗೆ ಒಯ್ಯಲು ಟೆಂಟು ಕೊಳ್ಳಲು ಹೊರಟ ಗೆಳೆಯರು ನನ್ನನ್ನು ಮೊದಲು ಕೇಳುವುದು, "ಮಳೆ ತಡೆಯುತ್ತಾ?" ಅಂತ. ಮೊದಲ ರಾತ್ರಿ ಹೆಚ್ಚುಕಡಿಮೆ ಎಲ್ಲ ಟೆಂಟುಗಳೂ ತಡೆಯುತ್ತವೆ. ಮೈಮೇಲಿನ ಬಟ್ಟೆ ಒಣಗಿರುತ್ತದೆ, ಸ್ಲೀಪಿಂಗ್ ಬ್ಯಾಗ್ ಈಗ ತಾನೇ ಚೀಲದಿಂದ ಹೊರಬಂದಿರುತ್ತದೆ. ಪರೀಕ್ಷೆ ಇರುವುದು ಎರಡನೆಯ ರಾತ್ರಿ. ಇಡೀ ದಿನ ಹಿಮದಲ್ಲಿ ತಿರುಗಿ, ತೊಯ್ದ ಕೋಟು, ತೊಯ್ದ ಬೂಟು, ತೊಯ್ದ ಬ್ಯಾಕ್‌ಪ್ಯಾಕ್ ಸಮೇತ ಕತ್ತಲಲ್ಲಿ ಒಳಗೆ ನುಗ್ಗುತ್ತೀರಿ. ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಅಂಗಡಿಯಲ್ಲಿ ನಿಂತಾಗ ಈ ಪ್ರಶ್ನೆಯನ್ನು ಕೇಳಿಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ.

ನಾನು ಕೊಡಗಿನವನು. ಮನೆಯಲ್ಲಿ ಅಜ್ಜನ ಕೋವಿ ಇತ್ತು. ಸೆಪ್ಟೆಂಬರಿನಲ್ಲಿ ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದರ ನಳಿಕೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನಾನು ಊರಿನಲ್ಲಿ ಬೇಟೆ ನೋಡಿದವನಲ್ಲ, ಅಲ್ಲಿ ಅದು ನಿಂತದ್ದು ಸರಿ ಎಂದೇ ನಂಬಿದವನು. ಅಮೆರಿಕದ ಕೊಲೊರಾಡೊದಲ್ಲಿ ನೆಲೆಸಿದ ಮೇಲೆ ಬೇಟೆ ಶಿಕ್ಷಣದ ತರಗತಿಗೆ ಹೋಗಿ, ಸರ್ಟಿಫಿಕೇಟು ಪಡೆದು, ಲೈಸೆನ್ಸ್ ತೆಗೆದುಕೊಂಡು ಎಲ್ಕ್ ಬೇಟೆಗೆ ಹೋಗಲು ಶುರುಮಾಡಿದೆ. ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಗೆ ಹತ್ತಿರದ, ಅದಕ್ಕಿಂತ ಇನ್ನೂ ದೊಡ್ಡ ಪ್ರಾಣಿ. ಇಲ್ಲಿ ಬಂದೂಕಿನ ಸೀಸನ್ ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ. ನಾವು ಡೇರೆ ಹಾಕುವುದು ಸುಮಾರು 10,000 ಅಡಿ ಎತ್ತರದಲ್ಲಿ. ಮಧ್ಯಾಹ್ನ ಅಂಗಿ ತೋಳು ಮಡಚುವ ಬಿಸಿಲು, ರಾತ್ರಿಗೆ ಮೊಣಕಾಲುದ್ದ ಹಿಮ, ಎರಡೂ ಒಂದೇ ದಿನ ಆದದ್ದುಂಟು.

ಮೊದಲ ವರ್ಷ ಭಾವಮೈದುನನ ಜೊತೆ "ಇಬ್ಬರಿಗೆ" ಎಂದು ಬರೆದಿದ್ದ ಹಗುರವಾದ ಟೆಂಟು ಒಯ್ದಿದ್ದೆ. ಎರಡನೆಯ ದಿನ ಸಂಜೆ ಆಲಿಕಲ್ಲಿನಂತೆ ಶುರುವಾದದ್ದು ಕತ್ತಲಾಗುವ ಹೊತ್ತಿಗೆ ಹಿಮವಾಯಿತು. ಬಾಗಿಲ ಮುಂದಿನ ಜಾಗ ಒಂದು ಜೊತೆ ಬೂಟಿಗೆ ಸಾಲುತ್ತಿತ್ತು. ಹಾಗಾಗಿ ಕೋಟು, ಚೀಲ, ಕೊನೆಗೆ ಬಂದೂಕುಗಳೂ ನಮ್ಮಿಬ್ಬರ ನಡುವೆ ಬಂದವು. ಬೆಳಗಿನ ಜಾವ ಅವನು ಮೆಲ್ಲಗೆ, "ಭಾವ, ಬ್ಯಾಗಿನ ಕಾಲ ಕಡೆ ಒದ್ದೆ ಆಗಿದೆ" ಎಂದ. ಟಾರ್ಚ್ ಹಾಕಿ ನೋಡಿದರೆ ಮೇಲಿನಿಂದ ಒಂದು ಹನಿಯೂ ಸೋರಿರಲಿಲ್ಲ. ನಮ್ಮದೇ ಉಸಿರು ಗೋಡೆಯ ಒಳಮೈಯಲ್ಲಿ ಮಂಜಾಗಿ ಕೂತಿತ್ತು. ಹಿಮದ ಭಾರಕ್ಕೆ ಒಳಗೆ ಬಾಗಿದ ಗೋಡೆ ಅವನ ಕಾಲಿಗೆ ತಾಗಿ, ಆ ಮಂಜೆಲ್ಲ ಬ್ಯಾಗಿನ ಡೌನ್ ತುಪ್ಪಳಕ್ಕೆ ಇಳಿದಿತ್ತು. ಡೌನ್ ಒದ್ದೆಯಾದರೆ ಮುದ್ದೆಯಾಗುತ್ತದೆ, ಬಿಸಿ ಹಿಡಿಯುವುದಿಲ್ಲ. ಐದು ದಿನದ ರಜೆ ಹಾಕಿದ್ದೆವು, ಮೂರನೆಯ ದಿನವೇ ಬೆಟ್ಟ ಇಳಿದೆವು.

ಆಮೇಲೆ ಕಲಿತದ್ದನ್ನು ಹೇಳುತ್ತೇನೆ. ಡಬ್ಬದ ಮೇಲಿನ "ಇಬ್ಬರಿಗೆ", "ಮೂವರಿಗೆ" ಎಂಬುದು ಪಕ್ಕಪಕ್ಕ ಮಲಗಿಸಿದ ಮೈಗಳ ಲೆಕ್ಕ. ಸಾಮಾನಿನ ಲೆಕ್ಕ ಅದರಲ್ಲಿಲ್ಲ. ಬೇಟೆಗಾದರೆ ತಲೆ ಎಣಿಸಿ ಒಂದು ಕೂಡಿಸಿ: ಒಬ್ಬರಿಗೆ ಇಬ್ಬರದು, ಇಬ್ಬರಿಗೆ ಮೂವರದು. ಇಬ್ಬರ ಟೆಂಟಿನ ನೆಲ ಸಾಮಾನ್ಯವಾಗಿ 30 ಚದರಡಿಯ ಆಸುಪಾಸು, ಮೂವರದು 40ರಿಂದ 45. ಆದರೆ ಚದರಡಿಯನ್ನೂ ಪೂರ್ತಿ ನಂಬಬೇಡಿ. ತಲೆಯ ಕಡೆ 52 ಇಂಚು ಅಗಲ ಇದ್ದು ಕಾಲಿನ ಕಡೆ 42ಕ್ಕೆ ಕಿರಿದಾಗುವ ಟೆಂಟುಗಳು ಬೇಕಾದಷ್ಟಿವೆ. 25 ಇಂಚಿನ ಎರಡು ಗಾಳಿಹಾಸಿಗೆ ಅದರಲ್ಲಿ ಸಮವಾಗಿ ಕೂರುವುದೇ ಇಲ್ಲ.

ಅದಕ್ಕೆ ನಾನು ಮಾಡುವ ಉಪಾಯ ಇದು. ಕೊಳ್ಳುವ ಮುಂಚೆಯೇ ಹಾಲ್‌ನ ನೆಲದ ಮೇಲೆ, ಸುಲಭವಾಗಿ ಕಿತ್ತುಬರುವ ಟೇಪಿನಿಂದ ಆ ಟೆಂಟಿನ ನೆಲದ ಆಕಾರವನ್ನು ಅಳತೆಗೆ ಸರಿಯಾಗಿ ಅಂಟಿಸಿ. ಹಾಸಿಗೆ ಹಾಸಿ, ಬ್ಯಾಗ್ ಬಿಡಿಸಿ, ಜೊತೆಗೆ ಬರುವವರನ್ನೇ ಕರೆದು ಮಲಗಿಸಿ. ಆಮೇಲೆ ಇಬ್ಬರೂ ಎದ್ದು ಕೂತು ಪ್ಯಾಂಟು ಹಾಕಿಕೊಂಡು ನೋಡಿ. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಟೋಪಿಯ ತುದಿ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆ ಅಂತಲೂ ಅಳೆಯಿರಿ. ನನಗೆ 39 ಇಂಚು. ಹಾಗಾಗಿ 40 ಇಂಚಿನ ಗುಮ್ಮಟ ನನಗೆ ಆಗದು, ಏಕೆಂದರೆ ಆ 40 ಇಂಚು ಸಿಗುವುದು ನಟ್ಟನಡುವೆ ಒಂದೇ ಕಡೆ. ಹಿಮ ಸುರಿಯುವ ದಿನ ಹನ್ನೆರಡು ಗಂಟೆ ಒಳಗೇ ಕೂರಬೇಕಾಗುತ್ತದೆ, ಕತ್ತು ಬಗ್ಗಿಸಿಕೊಂಡು ಕೂರಲಾಗದು. ನಡುವೆ 46–48 ಇಂಚು ಎತ್ತರ ಇರಲಿ, ಗೋಡೆಗಳು ನೆಟ್ಟಗೆ ಏರಲಿ. ಗೋಡೆ ನೆಟ್ಟಗಿದ್ದರೆ ಹಿಮವೂ ಜಾರಿ ಬೀಳುತ್ತದೆ.

ಇನ್ನು ಜಗಲಿ. ಹೊರಹೊದಿಕೆ ಬಾಗಿಲ ಮುಂದೆ ಚಾಚಿ ಮುಚ್ಚುವ ಮಣ್ಣು ನೆಲದ ಜಾಗಕ್ಕೆ ಇಂಗ್ಲಿಷಿನಲ್ಲಿ ವೆಸ್ಟಿಬ್ಯೂಲ್ ಅನ್ನುತ್ತಾರೆ, ನನಗೆ ಅದು ಜಗಲಿಯೇ. ಊರಲ್ಲಿ ಗದ್ದೆಯಿಂದ ಬಂದವರು ಗೊರಬು, ಕಂಬಳಿ ಎಲ್ಲ ಜಗಲಿಯಲ್ಲೇ ಬಿಟ್ಟು, ಕಾಲು ತೊಳೆದು ಒಳಗೆ ಬರುತ್ತಿದ್ದರು. ನಡುಮನೆಗೆ ನೀರು ತಂದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಟೆಂಟಿನಲ್ಲೂ ಅದೇ ಕಟ್ಟು ಬೇಕು. ಇಬ್ಬರಿಗೆ ಎರಡು ಬಾಗಿಲು, ಎರಡು ಜಗಲಿ, ಒಂದೊಂದೂ 9–10 ಚದರಡಿಯಾದರೂ ಇರಲಿ. ಆಗ ನಡುರಾತ್ರಿ ಹೊರಗೆ ಹೋಗಬೇಕಾದವರು ಇನ್ನೊಬ್ಬರನ್ನು ದಾಟಬೇಕಿಲ್ಲ. ಇನ್ನೊಂದು ಮಾತು, ಬಾಗಿಲಿನ ಜಿಪ್ ತೆರೆದಾಗ ಸೂರಿನ ನೀರು ಮಲಗುವ ನೆಲಕ್ಕೆ ಬೀಳಬಾರದು. ಅಂಗಡಿಯಲ್ಲಿ ನಿಲ್ಲಿಸಿಟ್ಟ ಟೆಂಟಿನ ಹೊರಬಾಗಿಲನ್ನು ಪೂರ್ತಿ ತೆರೆದು, ಅದರ ಅಂಚು ಒಳನೆಲಕ್ಕಿಂತ ಎಷ್ಟು ಮುಂದೆ ಇದೆ ಅಂತ ಮೇಲಿನಿಂದ ನೋಡಿ. ಗಾಳಿಯ ದಿನ ಎರಚಲು ನುಗ್ಗುವುದು ಇಲ್ಲಿಂದಲೇ.

ಬಂದೂಕಿಗೂ ಜಗಲಿಯೇ ಸರಿಯಾದ ಜಾಗ. ಗುಂಡು ತೆಗೆದು, ಚೀಲದಲ್ಲಿಟ್ಟು, ಅಲ್ಲಿಯೇ ಬಿಡಿ. ತಣ್ಣಗಾದ ಲೋಹವನ್ನು ಉಸಿರಿನ ಹಸಿ ಇರುವ ಒಳಗಾಳಿಗೆ ತಂದರೆ ಅದರ ಮೈಯೆಲ್ಲ ನೀರೊಡೆಯುತ್ತದೆ, ಗುರಿ ನೋಡುವ ಸ್ಕೋಪಿನ ಗಾಜು ಮಬ್ಬಾಗುತ್ತದೆ. ಬೆಳಿಗ್ಗೆ ಹೊರಗೆ ಒಯ್ದಾಗ ಆ ನೀರೇ ಮಂಜುಗಡ್ಡೆ. ಆದರೆ ಮಾಂಸವನ್ನು ಜಗಲಿಯಲ್ಲೂ ಇಡಬೇಡಿ. ಕೊಲೊರಾಡೊದ ಕಾಡಿನಲ್ಲಿ ಕಪ್ಪು ಕರಡಿಗಳಿವೆ. ಮಾಂಸ, ಊಟದ ಚೀಲ ಎರಡನ್ನೂ ಕನಿಷ್ಠ 100 ಗಜ ದೂರದ ಮರಕ್ಕೆ ಎತ್ತರವಾಗಿ ನೇತುಹಾಕಿ.

ಬಟ್ಟೆಯ ವಿಷಯಕ್ಕೆ ಬಂದರೆ, ನೈಲಾನ್ ಗಟ್ಟಿ, ಹಗುರ. ಒದ್ದೆಯಾದರೆ ಮಾತ್ರ ಹಿಗ್ಗುತ್ತದೆ. ಸಂಜೆ ತಮಟೆಯಂತೆ ಬಿಗಿದಿದ್ದದ್ದು ರಾತ್ರಿ ಜೋಲಿಯಾಗುತ್ತದೆ, ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ಹೆಚ್ಚು ತಾಳುತ್ತದೆ. ನನ್ನ ಒಲವು ಅದರ ಕಡೆಗೇ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಸರುವುದಿಲ್ಲ ಎಂದು ಅದರ ಅರ್ಥ. ಮೇಲ್ಹೊದಿಕೆಗೆ 1,500 ಸಾಕು. ನೆಲಕ್ಕೆ ಹೆಚ್ಚು ಬೇಕು, ಮಂಡಿಯೂರಿದಾಗ ನಮ್ಮ ಭಾರವೆಲ್ಲ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಆದರೆ ಸೋರುವುದು ಹೆಚ್ಚಾಗಿ ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ. ಎರಡೂ ಬದಿಗೆ ಸಿಲಿಕೋನ್ ಬಳಿದ ಬಟ್ಟೆಗೆ ಟೇಪು ಅಂಟುವುದಿಲ್ಲ, ಹೊಲಿಗೆಗೆ ಸಿಲಿಕೋನ್ ಅಂಟನ್ನು ನಾವೇ ಬ್ರಷ್ಷಿನಿಂದ ಹಚ್ಚಬೇಕು. ಹಚ್ಚಿಯೇ ಮಾರುತ್ತಾರೋ ಇಲ್ಲವೋ ಅಂತ ಬಾಯಿಬಿಟ್ಟು ಕೇಳಿ.

ಒಳಗೋಡೆ ಪೂರ್ತಿ ಸೊಳ್ಳೆಪರದೆಯಂಥ ಬಲೆಯಾದರೆ ಜುಲೈಗೆ ಸುಖ. ಅಕ್ಟೋಬರಿನಲ್ಲಿ ಗಾಳಿಯ ಜೊತೆ ಪುಡಿಹಿಮ ಹೊದಿಕೆಯ ಕೆಳಗಿನಿಂದ ತೂರಿ ಬಲೆಯಲ್ಲಿ ಸೋಸಿ ಮುಖದ ಮೇಲೆ ಬೀಳುತ್ತದೆ. ಕೆಳಗಿನ ಅರ್ಧವಾದರೂ ಬಟ್ಟೆ ಇರುವುದನ್ನು ಆರಿಸಿ. ಹೊರಹೊದಿಕೆಗೂ ಒಳಗೋಡೆಗೂ ನಡುವೆ ಒಂದು ಗೇಣು ಅಂತರ ಉಳಿಯಬೇಕು, ಉಸಿರಿನ ಮಂಜು ಹೊರಗಿನ ಪದರದಲ್ಲಿ ಕೂತರೆ ನಮ್ಮ ಬ್ಯಾಗಿಗೆ ತಾಗುವುದಿಲ್ಲ. ನೆತ್ತಿಯಲ್ಲಿ ಎರಡು ಗಾಳಿಕಿಂಡಿ ಇರಲಿ, ಎಷ್ಟೇ ಚಳಿ ಇದ್ದರೂ ಅವನ್ನು ಮುಚ್ಚಬೇಡಿ. ಹಿಮ ಸುತ್ತಲೂ ರಾಶಿ ಬಿದ್ದು ಕೆಳಗಿನ ಸಂದು ಮುಚ್ಚಿದಾಗ ಗಾಳಿಗೆ ಉಳಿಯುವ ದಾರಿ ಅವೇ. ಬಾಗಿಲು ಮುಚ್ಚಿ ಒಳಗೆ ಸ್ಟೌ ಹಚ್ಚಲೇಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ.

ನೆಲವಿಲ್ಲದ, ನಡುವೆ ಒಂದೇ ಕಂಬದ ಟಿಪಿ ಟೆಂಟಿಗೆ ಸೌದೆ ಒಲೆ ಜೋಡಿಸಿಕೊಂಡು ಹೋಗುವವರೂ ಇಲ್ಲಿ ಬಹಳ. ಮಡಚುವ ಟೈಟಾನಿಯಂ ಒಲೆ, ಸುರುಳಿ ಸುತ್ತುವ ಹೊಗೆಕೊಳವೆ, ಕೊಳವೆ ಹೊರಗೆ ಹೋಗಲು ಬೆಂಕಿ ತಾಳುವ ಬಟ್ಟೆಯ ಕಿಂಡಿ. ಬೂಟು ಹಾಕಿಕೊಂಡೇ ಒಳಗೆ ನಿಲ್ಲಬಹುದು, ಕಾಲುಚೀಲ ಒಣಗುತ್ತದೆ. ನವೆಂಬರಿಗೆ ನಾಲ್ಕೈದು ಜನ ಹೋಗುವುದಾದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಆ ಪುಟ್ಟ ಒಲೆಗೆ ಸೌದೆಯನ್ನು ಹೆಬ್ಬೆರಳ ದಪ್ಪಕ್ಕೆ ಸೀಳಬೇಕು, ತುಂಬಿಸಿದರೂ ಗಂಟೆಯೊಳಗೆ ಆರುತ್ತದೆ. ಇಡೀ ದಿನ ನಡೆದು ಬಂದವರು ಸೌದೆ ಸೀಳಲು ಕೂರಬೇಕು. ಬೆಂಕಿ ನಿಷೇಧ ಜಾರಿಯಲ್ಲಿದ್ದರೆ ಒಲೆ ಹೊತ್ತದ್ದೇ ವ್ಯರ್ಥ. ಹೊಸಬರಿಗೆ ಮೊದಲೆರಡು ವರ್ಷ ಎರಡು ಪದರದ, ಮೂವರ ಟೆಂಟೇ ಸಾಕು. ತೂಕ ಐದಾರು ಪೌಂಡ್ ಆಗುತ್ತದೆ. ಒಬ್ಬರು ಕಂಬ, ಗೂಟ, ಇನ್ನೊಬ್ಬರು ಬಟ್ಟೆ ಹೊತ್ತರೆ ತಲಾ ಮೂರು ಪೌಂಡ್. ಹಿಂದಿರುಗುವಾಗ ಎಲ್ಕಿನ ಮಾಂಸ ನೂರೈವತ್ತು ಪೌಂಡಿಗೂ ಮೀರಿ, ಹಲವು ಸಲ ಓಡಾಡಿ ಹೊರಬೇಕಾಗುತ್ತದಲ್ಲ, ಅದರ ಮುಂದೆ ಅರ್ಧ ಪೌಂಡ್ ಉಳಿಸಲು ಜಗಲಿಯನ್ನು ಕಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಬಣ್ಣಕ್ಕೆ ತಲೆಕೆಡಿಸಿಕೊಳ್ಳಬೇಡಿ. ಜಿಂಕೆ ಜಾತಿಗೆ ಕಿತ್ತಳೆ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ, ಬೇರೆ ಬೇಟೆಗಾರರಿಗೆ ಟೆಂಟು ಕಂಡಷ್ಟೂ ಒಳ್ಳೆಯದು.

ತಂದ ಮೇಲೆ ಹಿತ್ತಲಲ್ಲಿ ನಿಲ್ಲಿಸಿ, ಒಬ್ಬರು ಪೈಪಿನಿಂದ ಪಕ್ಕಕ್ಕೂ ಮೇಲಕ್ಕೂ ಅರ್ಧ ಗಂಟೆ ನೀರು ಹಾಯಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಒಳಗೆ ಕೂತು ಹೊಲಿಗೆಗಳ ಉದ್ದಕ್ಕೂ ಬೆರಳಾಡಿಸಲಿ. ಇನ್ನೊಂದು ದಿನ ಕತ್ತಲಾದ ಮೇಲೆ, ದಪ್ಪ ಕೈಗವಸು ಹಾಕಿಕೊಂಡು ನಿಲ್ಲಿಸಿ. ಕೈಗವಸಿನಲ್ಲಿ ಹಿಡಿಯಲಾಗದ ಜಿಪ್ಪಿಗೆಲ್ಲ ಬೆರಳುದ್ದದ ದಾರ ಕಟ್ಟಿ. ಕಂಪನಿ ಕೊಡುವ ಸಣ್ಣ ಗೂಟಗಳು ಹೆಪ್ಪುಗಟ್ಟಿದ ನೆಲದಲ್ಲಿ ಬಾಗುತ್ತವೆ, ನಾಲ್ಕು ಉಕ್ಕಿನ ಉದ್ದ ಮೊಳೆ ಜೊತೆಗಿಡಿ. ನೆಲದಡಿ ಹಾಸುವ ಹಾಳೆಯನ್ನು ಟೆಂಟಿನ ಅಂಚಿಗಿಂತ ಎರಡು ಇಂಚು ಒಳಗೆ ಕತ್ತರಿಸಿ. ಹೊರಗೆ ಚಾಚಿದರೆ ಮಳೆನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಡಿಗೇ ತರುತ್ತದೆ.

ಜಾಗ ಹುಡುಕುವಾಗ ಮೊದಲು ತಲೆಯೆತ್ತಿ ನೋಡಿ. ಇಲ್ಲಿ ತೊಗಟೆ ಕೊರೆಯುವ ದುಂಬಿ ಹತ್ತಿ ನಿಂತಲ್ಲೇ ಒಣಗಿದ ಪೈನ್, ಸ್ಪ್ರೂಸ್ ಮರಗಳು ಎಕರೆಗಟ್ಟಲೆ ಇವೆ, ಗಾಳಿಗೆ ಸದ್ದಿಲ್ಲದೆ ಉರುಳುತ್ತವೆ. ಅಂಥ ಮರದ ಎತ್ತರದಷ್ಟು ದೂರ ಉಳಿಯಿರಿ. ಕಣಿವೆಯ ತಳದಲ್ಲಿ ಹಾಕಬೇಡಿ, ರಾತ್ರಿಯ ತಂಪುಗಾಳಿ ನೀರಿನಂತೆ ಇಳಿದು ಅಲ್ಲೇ ನಿಲ್ಲುತ್ತದೆ, ಮಂಜೂ ಅಲ್ಲೇ ಹೆಚ್ಚು. ತೊರೆಯಿಂದ 200 ಅಡಿ ದೂರದಲ್ಲಿ, ಇಳಿಜಾರಿನ ನಡುವೆ ಸಮತಟ್ಟಾದ ಜಾಗ ಸಿಕ್ಕರೆ ಸಾಕು. ಸಂಜೆ ಗಾಳಿ ಬೆಟ್ಟ ಇಳಿಯುತ್ತದೆ, ಬಿಸಿಲೇರಿದ ಮೇಲೆ ಹತ್ತುತ್ತದೆ. ನಮ್ಮ ವಾಸನೆ ಎಲ್ಕ್ ಮೇಯುವ ಕಡೆ ಹೋಗದ ಹಾಗೆ ಅದನ್ನೂ ನೋಡಿಕೊಳ್ಳಿ.

ಮನೆಗೆ ಬಂದ ರಾತ್ರಿ ಎಷ್ಟೇ ದಣಿದಿದ್ದರೂ ಟೆಂಟನ್ನು ಚೀಲದಿಂದ ತೆಗೆದು ಗ್ಯಾರೇಜಿನಲ್ಲಿ ಹಗ್ಗ ಕಟ್ಟಿ ಹರವಿ. ಹಸಿಯಾಗಿಯೇ ಮಡಚಿಟ್ಟರೆ ಒಳಗಿನ ಪಾಲಿಯುರೆಥೇನ್ ಲೇಪ ಅಂಟಂಟಾಗಿ ಹುಳಿವಾಸನೆ ಬರುತ್ತದೆ, ಅದಕ್ಕೆ ಮದ್ದಿಲ್ಲ. ಎರಡು ದಿನ ಒಣಗಲಿ. ಗೂಟಗಳನ್ನು ಎಣಿಸಿ ಒಳಗಿಡಿ, ಒಂದೆರಡು ಹಿಮದಡಿಯೇ ಉಳಿದುಹೋಗಿರುತ್ತವೆ.