ಹೆಚ್ಚುವರಿ ಲೈಟು: ಗುರಿ ಹಿಡಿಯುವುದು ಗೋಡೆಯ ಮೇಲೆ

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ದಾವಣಗೆರೆ, ಜಗಳೂರು, ಹೊಳಲ್ಕೆರೆ ಸುತ್ತಿನ ರಸ್ತೆಗಳಲ್ಲಿ ಅರ್ಧ ಭಾಗ ಕಣವಾಗುತ್ತದೆ. ರಾಶಿಯ ಅಂಚಿಗೆ ಸಾಲಾಗಿಟ್ಟ ಕಲ್ಲು, ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ದಾರಿ ಬದಿಗೆ ಮಲಗಿದ ದನ ಯಾವುದೂ ಕಂಪನಿಯ ಹೆಡ್‌ಲೈಟಿಗೆ ಬೇಗ ಕಾಣುವುದಿಲ್ಲ. ಅದಕ್ಕೇ ಪಿಕಪ್, ಜೀಪುಗಳಿಗೆ ಹೆಚ್ಚುವರಿ ಲೈಟು ಹಾಕಿಸುವವರು ಬಹಳ. ಅಂಗಡಿಯಲ್ಲಿ ವೈರಿಂಗ್ ಮುಗಿದ ಮೇಲೆ ಲೈಟನ್ನು ಕೈಯಲ್ಲೇ ತುಸು ಮೇಲೆ ಕೆಳಗೆ ಆಡಿಸಿ ಬೋಲ್ಟ್ ಬಿಗಿದು ಕಳಿಸಿಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ. ಎಂಟು ಸಾವಿರದ ಲೈಟು ಬೇವಿನ ಮರದ ತುದಿಯನ್ನೋ, ಎದುರು ಬರುವವನ ಕಣ್ಣನ್ನೋ ಬೆಳಗುತ್ತಿರುತ್ತದೆ.

ಮೊದಲು ನಿಮ್ಮಲ್ಲಿರುವುದು ಯಾವ ಲೈಟು ಎಂದು ತಿಳಿದುಕೊಳ್ಳಿ. ಫಾಗ್ ಲ್ಯಾಂಪಿನ ಬೆಳಕು ಅಗಲ, ಚಪ್ಪಟೆ. ಗೋಡೆಗೆ ಬಿಟ್ಟರೆ ಮೇಲ್ಗಡೆ ಗೆರೆ ಎಳೆದ ಹಾಗೆ ಕತ್ತಲು ಶುರುವಾಗುತ್ತದೆ. ಇದನ್ನು ಕಟ್-ಆಫ್ ಎನ್ನುತ್ತಾರೆ. ಡ್ರೈವಿಂಗ್ ಲ್ಯಾಂಪಿಗೆ ಈ ಗೆರೆ ಇಲ್ಲ. ನಡುವೆ ಒಂದು ಪ್ರಖರ ಚುಕ್ಕೆ, ಸುತ್ತ ಮಂದ ಬೆಳಕು. ಇದು ಹೈ ಬೀಮ್‌ನ ಜತೆಗಾರ, ಡಿಪ್ ಹಾಕಿದೊಡನೆ ಆರಲೇಬೇಕು. ಇವೆರಡರ ಗುರಿಯೂ ಬೇರೆ, ಅಳತೆಯೂ ಬೇರೆ. ಹ್ಯಾಲೊಜನ್ ಫಾಗ್ ಲ್ಯಾಂಪಿನೊಳಗೆ ಎಲ್‌ಇಡಿ ಬಲ್ಬ್ ತುರುಕಿದ್ದರೆ ಕಟ್-ಆಫ್ ಗೆರೆ ಸಿಗುವುದೇ ಅನುಮಾನ. ಫಿಲಮೆಂಟ್ ಇರಬೇಕಾದ ಜಾಗಕ್ಕೆ ಎಲ್‌ಇಡಿ ಚಿಪ್ ಸರಿಯಾಗಿ ಕೂರದೆ ರಿಫ್ಲೆಕ್ಟರ್ ಬೆಳಕನ್ನು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಅಂಥದ್ದನ್ನು ಎಷ್ಟು ತಿರುಗಿಸಿದರೂ ಗುರಿ ನಿಲ್ಲದು. ಬಲ್ಬ್ ಬದಲಿಸಿಯೇ ಮುಂದಿನ ಕೆಲಸ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 111ರಂತೆ ಸ್ಪಾಟ್ ಲೈಟ್, ಸರ್ಚ್ ಲೈಟ್‌ಗಳನ್ನು ವಾಹನದ ಮುಂದೆ ಹಾಕಲು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ನಿಯಮ 106ರಂತೆ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕೋರೈಸಬಾರದು. ದಿನವೂ ಹೆದ್ದಾರಿ 48ರಲ್ಲಿ ಓಡಾಡುವವರಿಗೆ ಕೆಳಮಟ್ಟದಲ್ಲಿ ಕೂರಿಸಿದ ಒಳ್ಳೆಯ ಫಾಗ್ ಲ್ಯಾಂಪೇ ಸಾಕು. ಸ್ಪಾಟ್ ಲೈಟು ಹೊಲ, ತೋಟದ ದಾರಿಗಿರಲಿ.

ನೆಲ ಮತ್ತು ಗೋಡೆ

ಬೇಕಾಗುವುದು ಬಿಳಿ ಬಣ್ಣದ ಗೋಡೆ ಮತ್ತು ಅದರ ಮುಂದೆ ಹನ್ನೆರಡು ಮೀಟರಿನಷ್ಟು ಸಮತಟ್ಟಾದ ನೆಲ. ದಾವಣಗೆರೆಯಲ್ಲಿ ರೈಸ್ ಮಿಲ್ಲು, ಗೋದಾಮುಗಳ ಕಾಂಕ್ರೀಟ್ ಅಂಗಳ ಸುಲಭವಾಗಿ ಸಿಗುತ್ತದೆ. ಚಿತ್ರದುರ್ಗದ ಹಳೇ ಊರಿನ ಬೀದಿಗಳೆಲ್ಲ ಇಳಿಜಾರು, ಕಣ್ಣಂದಾಜನ್ನು ನಂಬಬೇಡಿ. ಗಾರೆಯವರ ಹತ್ತಿರ ಇರುವ ಪಾರದರ್ಶಕ ನೀರಿನ ಟ್ಯೂಬ್ ತಂದು ಹಿಂದಿನ ಚಕ್ರದ ಬುಡ, ಮುಂದಿನ ಚಕ್ರದ ಬುಡ, ಗೋಡೆಯ ಬುಡ, ಮೂರೂ ಕಡೆ ಮಟ್ಟ ಹಿಡಿಯಿರಿ. ಎರಡೂವರೆ ಮೀಟರ್ ವೀಲ್‌ಬೇಸ್‌ನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಗಾಡಿಯ ಹಿಂಚಕ್ರದಡಿ ನೆಲ ಒಂದೇ ಸೆಂ.ಮೀ. ತಗ್ಗಿದ್ದರೂ 7.5 ಮೀಟರ್ ದೂರದ ಗೋಡೆಯ ಮೇಲೆ ಬೆಳಕು 3 ಸೆಂ.ಮೀ. ಏರಿಬಿಡುತ್ತದೆ.

ಟೈರುಗಳಿಗೆ ಕಂಪನಿ ಹೇಳಿದಷ್ಟೇ ಗಾಳಿ ಇರಲಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಗಾಡಿಯಲ್ಲಿ ನೀವು ಸಾಮಾನ್ಯವಾಗಿ ಒಯ್ಯುವಷ್ಟು ಭಾರವೂ ಇರಬೇಕು. ಪಿಕಪ್ ಇಟ್ಟುಕೊಂಡವರು ಎಡವುವುದು ಈ ಭಾರದ ವಿಷಯದಲ್ಲೇ. ಖಾಲಿ ಗಾಡಿಗೆ ಗುರಿ ಹಿಡಿದು, ಆಮೇಲೆ ಎಪಿಎಂಸಿಗೆ ಚೀಲ ತುಂಬಿಕೊಂಡು ಹೊರಟಾಗ ಹಿಂಭಾಗ 5 ಸೆಂ.ಮೀ. ಕುಸಿಯಿತು ಎನ್ನಿ. ಮೂತಿ ಮೇಲೇಳುತ್ತದೆ, 7.5 ಮೀಟರಿನಾಚೆ ಬೆಳಕು 15 ಸೆಂ.ಮೀ. ಮೇಲೇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹೆಡ್‌ಲೈಟ್ ತಗ್ಗಿಸುವ ಗುಂಡಿ ಇದೆಯಲ್ಲ ಎನ್ನಬಹುದು. ಅದು ತಗ್ಗಿಸುವುದು ಕಂಪನಿಯ ಹೆಡ್‌ಲೈಟನ್ನು ಮಾತ್ರ. ಬಂಪರಿಗೆ ಬೋಲ್ಟ್ ಮಾಡಿದ ಲೈಟಿಗೂ ಅದಕ್ಕೂ ಸಂಬಂಧವಿಲ್ಲ. ಭಾರ ದಿನಕ್ಕೊಂದು ತರಹ ಇದ್ದರೆ ತುಂಬಿದ ಗಾಡಿಗೇ ಹೊಂದಿಸಿ. ಖಾಲಿ ಇದ್ದಾಗ ಬೆಳಕು ಹತ್ತಿರ ಬೀಳುತ್ತದೆ, ಅಷ್ಟೇ.

ಗೆರೆ ಹಾಕುವುದು

ಗಾಡಿಯ ಮೂತಿ ಗೋಡೆಗೆ ಮುಟ್ಟುವಷ್ಟು ಹತ್ತಿರ, ನೇರವಾಗಿ ನಿಲ್ಲಿಸಿ. ನೆಲದಿಂದ ಲೈಟಿನ ನಡುಮಧ್ಯಕ್ಕೆ ಎಷ್ಟು ಎತ್ತರ ಎಂದು ಅಳೆದು, ಅಷ್ಟೇ ಎತ್ತರದಲ್ಲಿ ಗೋಡೆಯುದ್ದಕ್ಕೂ ಅಡ್ಡ ಟೇಪ್ ಅಂಟಿಸಿ. ಎರಡೂ ಲೈಟುಗಳ ಮಧ್ಯಕ್ಕೆ ನೇರವಾಗಿ ಒಂದೊಂದು ಲಂಬ ಟೇಪ್, ಬಾನೆಟ್ಟಿನ ಮಧ್ಯಕ್ಕೆ ಇನ್ನೊಂದು. ಈಗ ಸ್ಟೇರಿಂಗ್ ಆಡಿಸದೆ ನೇರ ಹಿಂದಕ್ಕೆ ಬನ್ನಿ. ಲೈಟಿನ ಗಾಜಿನಿಂದ ಗೋಡೆಗೆ ಸರಿಯಾಗಿ 7.5 ಮೀಟರ್, ಅಂದರೆ ಸುಮಾರು 25 ಅಡಿ ಇರಲಿ. ಎರಡೂ ಲೈಟಿನಿಂದ ಬೇರೆಬೇರೆಯಾಗಿ ಅಳೆಯಿರಿ. ವ್ಯತ್ಯಾಸ ಬಂದರೆ ಗಾಡಿ ಓರೆ ನಿಂತಿದೆ ಎಂದರ್ಥ. ಕೊನೆಗೆ ಬಂಪರ್ ಹಿಡಿದು ಎರಡು ಮೂರು ಸಲ ಒತ್ತಿ ಬಿಟ್ಟರೆ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರುತ್ತದೆ.

ಮುಸ್ಸಂಜೆ ಒಳ್ಳೆಯ ಹೊತ್ತು. ಟೇಪೂ ಕಾಣುತ್ತದೆ, ಬೆಳಕೂ ಕಾಣುತ್ತದೆ. ಎಂಜಿನ್ ಚಾಲೂ ಇರಲಿ, ಬ್ಯಾಟರಿ ಒಂದರ ಮೇಲೆ ಹ್ಯಾಲೊಜನ್ ಮಂಕಾಗಿ ಉರಿಯುತ್ತದೆ. ಒಂದು ಲೈಟಿನ ಕನೆಕ್ಟರ್ ಕಳಚಿ, ಒಂದೊಂದನ್ನೇ ಹೊಂದಿಸಿ. ಎರಡೂ ಒಟ್ಟಿಗೆ ಉರಿದರೆ ಯಾವುದು ಎಲ್ಲಿ ಬಿದ್ದಿದೆ ಎಂದೇ ತಿಳಿಯದು.

ಫಾಗ್ ಲ್ಯಾಂಪ್ ಆದರೆ ಕಟ್-ಆಫ್ ಗೆರೆ ಅಡ್ಡ ಟೇಪಿಗಿಂತ 10 ಸೆಂ.ಮೀ. ಕೆಳಗೆ, ಟೇಪಿಗೆ ಸಮಾನಾಂತರವಾಗಿ ಬೀಳಬೇಕು. ಲೆಕ್ಕ ಸರಳ: 60 ಸೆಂ.ಮೀ. ಎತ್ತರದಲ್ಲಿರುವ ಲೈಟು ಪ್ರತಿ 7.5 ಮೀಟರಿಗೆ 10 ಸೆಂ.ಮೀ. ಇಳಿದರೆ 45 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಗಂಟೆಗೆ 80 ಕಿ.ಮೀ. ಓಟದಲ್ಲಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 30 ಮೀಟರ್ ದಾಟಿರುತ್ತದೆ. ಹಾಗಾಗಿ ಫಾಗ್ ಲ್ಯಾಂಪ್ ನಂಬಿ ವೇಗ ಹೆಚ್ಚಿಸುವಂತಿಲ್ಲ. ತುಂಬಿದ ಪಿಕಪ್ಪಿನ ಆ 15 ಸೆಂ.ಮೀ. ಏರಿಕೆ ಇದಕ್ಕೆ ಸೇರಿದರೆ ಕಟ್-ಆಫ್ ಟೇಪಿಗಿಂತ 5 ಸೆಂ.ಮೀ. ಮೇಲಿರುತ್ತದೆ. ಆಮೇಲೆ ಆ ಗೆರೆ ನೆಲ ಮುಟ್ಟುವುದೇ ಇಲ್ಲ.

ಡ್ರೈವಿಂಗ್ ಲ್ಯಾಂಪ್ ಆದರೆ ಪ್ರಖರ ಚುಕ್ಕೆಯ ನಡುಭಾಗ ಅಡ್ಡ ಟೇಪಿಗಿಂತ 4 ಸೆಂ.ಮೀ. ಕೆಳಗೆ, ತನ್ನದೇ ಲಂಬ ಟೇಪಿನ ಮೇಲೆ ಇರಲಿ. 70 ಸೆಂ.ಮೀ. ಎತ್ತರದ ಲೈಟಿಗೆ ಇದು ಸುಮಾರು 130 ಮೀಟರ್ ದೂರದ ಗುರಿ. ಎರಡು ಚುಕ್ಕೆಗಳನ್ನು ಒಳಕ್ಕೆ ತಿರುಗಿಸಿ ಒಂದೆಡೆ ಕೂಡಿಸುವುದು ತಪ್ಪು. ಅವು ಕೂಡಿದ ಜಾಗ ದಾಟಿದ ಮೇಲೆ ಎಡಗಡೆಯ ಲೈಟು ಬಲಕ್ಕೆ, ಎದುರಿನವನ ಮುಖಕ್ಕೆ ಹೋಗುತ್ತದೆ. ಹಳ್ಳಿ ರಸ್ತೆಯ ಅಂಚು ಕಾಣಬೇಕೆಂದರೆ ಎಡ ಲೈಟನ್ನು ಮಾತ್ರ ಗೋಡೆಯ ಮೇಲೆ 13 ಸೆಂ.ಮೀ. ಎಡಕ್ಕೆ ಸರಿಸಿ, ಅದು ಒಂದು ಡಿಗ್ರಿಗೆ ಸಮ. ಬಲ ಲೈಟು ನೇರವಾಗಿಯೇ ಇರಲಿ.

ಬಿಗಿಯುವಾಗ ಕೈಕೊಡುತ್ತದೆ

ಲೈಟನ್ನು ಎಡಬಲಕ್ಕೆ ತಿರುಗಿಸಲು ತಳದ ಬೋಲ್ಟ್, ಮೇಲೆ ಕೆಳಗೆ ಆಡಿಸಲು ಪಕ್ಕದ ಅಲೆನ್ ಬೋಲ್ಟುಗಳು. ತೊಂದರೆ ಏನೆಂದರೆ ನಟ್ ಬಿಗಿಯುವಾಗ ಲೈಟೂ ಅದರ ಜತೆ ತುಸು ತಿರುಗುತ್ತದೆ. ತಳದ ಬೋಲ್ಟ್ ಸಾಮಾನ್ಯವಾಗಿ ಎಂ8, ಅದಕ್ಕೆ 13ರ ಸ್ಪ್ಯಾನರ್ ಎರಡು ಬೇಕು. ಒಂದರಲ್ಲಿ ಬೋಲ್ಟಿನ ತಲೆ ಹಿಡಿದು ಇನ್ನೊಂದರಲ್ಲಿ ನಟ್ ಬಿಗಿಯಿರಿ, ಗೋಡೆಯ ಮೇಲೊಂದು ಕಣ್ಣಿರಲಿ. ನೈಲಾನ್ ಲಾಕ್ ನಟ್ ಇದ್ದರೆ ಕಲ್ಲುರಸ್ತೆಯ ಕಂಪನಕ್ಕೆ ಸಡಿಲವಾಗುವುದಿಲ್ಲ. ತೆಳು ತಗಡಿನ ಬ್ರಾಕೆಟ್ ಆದರೆ ಬೆಳಕು ಓಡುವಾಗ ನಡುಗುತ್ತದೆ, ಅದಕ್ಕೆ ಗುರಿ ಹಿಡಿದು ಫಲವಿಲ್ಲ.

ಲೈಟು ಮಂಕೆನಿಸಿದರೆ ತಪ್ಪು ಗುರಿಯದ್ದೇ ಎಂದುಕೊಳ್ಳಬೇಡಿ. 55 ವ್ಯಾಟಿನ ಎರಡು ಹ್ಯಾಲೊಜನ್ ಸುಮಾರು 9 ಆಂಪಿಯರ್ ಎಳೆಯುತ್ತವೆ. ಸಣ್ಣ ವೈರಿನಲ್ಲಿ ವೋಲ್ಟೇಜ್ 13.5ರಿಂದ 12ಕ್ಕೆ ಇಳಿದರೆ ಬೆಳಕಿನಲ್ಲಿ ಮೂರನೇ ಒಂದು ಭಾಗ ಹೋಯಿತು. 2.5 ಚದರ ಮಿ.ಮೀ. ವೈರ್, 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನ ಸಿಗ್ನಲ್‌ನಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್ಚು), ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಡ್ರೈವಿಂಗ್ ಲ್ಯಾಂಪಿನ ರಿಲೇಗೆ ಸಿಗ್ನಲ್ ಹೈ ಬೀಮ್ ವೈರಿನಿಂದಲೇ ಬರಬೇಕು.

ಗೋಡೆಯ ಕೆಲಸ ಮುಗಿದ ಮೇಲೆ ಚಳ್ಳಕೆರೆ ಕಡೆಯಂಥ ಬಯಲು ಸೀಮೆಯ ಖಾಲಿ ರಸ್ತೆಯಲ್ಲಿ ನೋಡಿ. ಫಾಗ್ ಲ್ಯಾಂಪ್ ಹಾಕಿ, ಜತೆಗಾರರನ್ನು 40 ಮೀಟರ್ ಮುಂದೆ ರಸ್ತೆ ಬದಿಗೆ ಕಳಿಸಿ, ಕಾರಿನಲ್ಲಿ ಕೂತವನ ಕಣ್ಣಿನ ಮಟ್ಟಕ್ಕೆ, ಅಂದರೆ ಸುಮಾರು 1.2 ಮೀಟರಿಗೆ ಬಗ್ಗಿ ನೋಡಲು ಹೇಳಿ. ಅವರು ಕೈ ಅಡ್ಡ ಹಿಡಿದರೆ ಗುರಿ ಮೇಲಿದೆ. ಉಲ್ಟಾ ತಪ್ಪೂ ಉಂಟು: ಬಂಪರಿನ ಮುಂದಿನ ಹತ್ತು ಮೀಟರ್ ಹಗಲಿನಂತೆ ಹೊಳೆದರೆ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲು ಇನ್ನೂ ಕಪ್ಪಾಗುತ್ತದೆ. ಮಾಲೀಕರಿಗೆ ಖುಷಿ ಕೊಡುವುದು ಈ ಹತ್ತಿರದ ಬೆಳಕೇ, ಕೆಲಸಕ್ಕೆ ಬಾರದ್ದೂ ಅದೇ.

ಎಲ್ಲ ಸರಿಯೆನಿಸಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡಿ. ಗಾಡಿ ತೊಳೆಯುವಾಗೊಮ್ಮೆ ನೋಡಿ. ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ, ಮತ್ತೆ ಗೋಡೆಯ ಮುಂದೆ ನಿಲ್ಲಿಸಬೇಕು.